ಗೆರೆಯ ಹೊರಗೆ ಓಡಿದವನು

ಪ್ರತಿ ಭಾನುವಾರ ಈ ಚರ್ಚಿನಲ್ಲಿ ಪ್ರಸಂಗಕ್ಕೆ ನಿಂತು, ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ನಾನು ಶುರು ಮಾಡುತ್ತೇನೆ, ನೀವು ಆರಾಮಾಗಿ ಬೆನ್ನು ಒರಗಿಸುತ್ತೀರಿ. ಯಾಕೆಂದರೆ ನೀವು ಶ್ರೀಮಂತರಲ್ಲ, ಬೈಗುಳ ನಿಮಗೆ ತಾಗುವುದಿಲ್ಲ. ಸಾಕಾಗಿದೆ ನನಗೆ. ಇವತ್ತು ಶ್ರೀಮಂತ ಇಲ್ಲ. ಒಂದೂರಲ್ಲಿ ಒಬ್ಬ ಫುಟ್‌ಬಾಲ್ ಕೋಚ್ ಇದ್ದ.

ಹಗಲು ಹತ್ತಿ ಗಿರಣಿಯಲ್ಲಿ ಮೇಸ್ತ್ರಿ, ಸಂಜೆ ಮೈದಾನದಲ್ಲಿ ಕೋಚ್. ಸತ್ಯಮಿತ್ರ ಅಂತ ಇಟ್ಟುಕೊಳ್ಳಿ ಅವನ ಹೆಸರು. ಗದಗಿನ ಕ್ಲಬ್ಬು, ಆಮೇಲೆ ರಾಣೇಬೆನ್ನೂರು, ಆಮೇಲೆ ದಾಂಡೇಲಿ, ಹಳಿಯಾಳ. ಎಲ್ಲಾ ಜಿಲ್ಲಾ ಲೀಗಿನ ತಂಡಗಳು. ಆಟಗಾರರು ಯಾರು? ಆಟೋ ಓಡಿಸುವವರು, ಗ್ಯಾರೇಜಿನವರು. ಪಾಳಿ ಮುಗಿಯದೆ ಅರ್ಧ ಟೀಮು ತಡವಾಗಿ ಬರುತ್ತಿತ್ತು. ಹೋದ ಊರಲ್ಲೆಲ್ಲ ಬಂದಾಗ ಹಾರ ಹಾಕಿದರು, ಸೋತಾಗ ಫೋನಿನಲ್ಲೇ ಬರಬೇಡ ಅಂದರು. ಹೀಗೇ ಅವನ ತಲೆ ಬೆಳ್ಳಗಾಯಿತು. ಒಂದು ಕಪ್ಪೂ ಕೈಗೆ ಬರಲಿಲ್ಲ.

ಆದರೆ ನೋಡಿ, ಯಾವ ಊರಿಗೆ ಹೋದರೂ ಅವನು ಒಬ್ಬನನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗುತ್ತಿದ್ದ. ದ್ಯಾಮಣ್ಣ. ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನು. ಪ್ರತಿ ಮ್ಯಾಚಿನಲ್ಲೂ ಬದಲಿ ಆಟಗಾರರ ಬೆಂಚಿನ ಮೇಲೆ ಅವನು. ಅರ್ಧ ಆಟ ಕಳೆಯುತ್ತಲೇ ಕೋಚ್ ತಿರುಗಿ ಕೂಗುತ್ತಿದ್ದ: "ದ್ಯಾಮಣ್ಣಾ, ಮೈ ಬಿಸಿ ಮಾಡ್ಕೊ. ನಿನ್ನ ಇಳಸ್ತೀನಿ."

"ಆತ್ರೀ ಸರ."

ದ್ಯಾಮಣ್ಣ ಎದ್ದು ಗೆರೆಯ ಹೊರಗೆ ಓಡುತ್ತಿದ್ದ. ಆ ತುದಿಗೆ, ಈ ತುದಿಗೆ. ಕೂತು ಏಳುತ್ತಿದ್ದ. ಬೆವರು ಸುರಿಯುತ್ತಿತ್ತು. ಸೀಟಿ ಕೂಗುತ್ತಿತ್ತು, ಆಟ ಮುಗಿಯುತ್ತಿತ್ತು. ಮೈದಾನಕ್ಕೆ ಇಳಿದಿರುತ್ತಿದ್ದವನು ಬೇರೆ ಯಾರೋ.

ಯಾಕೆ? ದ್ಯಾಮಣ್ಣ ಆಡಲು ಬಾರದವನೇ? ಅಲ್ಲ. ಉಳಿದವರನ್ನು ಇಳಿಸದಿದ್ದರೆ ಮುನಿಸಿಕೊಳ್ಳುತ್ತಿದ್ದರು, ಬೂಟು ಎಸೆಯುತ್ತಿದ್ದರು, ಕ್ಲಬ್ಬಿನ ಅಧ್ಯಕ್ಷರಿಗೆ ಚಾಡಿ ಹೇಳುತ್ತಿದ್ದರು. ದ್ಯಾಮಣ್ಣ ಏನೂ ಅನ್ನುತ್ತಿರಲಿಲ್ಲ. ಅವನು ನಮ್ಮವನು, ಎಲ್ಲಿಗೆ ಹೋಗುತ್ತಾನೆ? ಇಷ್ಟೇ ಕೋಚನ ಲೆಕ್ಕಾಚಾರ. ಇದು ನಿಮಗೆ ಎಲ್ಲೋ ಕೇಳಿದ ಹಾಗಿದೆ, ಅಲ್ಲವೇ? ಇರಲಿ, ಆಮೇಲೆ ಬರುತ್ತೇನೆ ನಿಮ್ಮ ಹತ್ತಿರ.

ಕೊನೆಗೂ ಒಂದು ವರ್ಷ ಹಳಿಯಾಳದ ತಂಡ ಫೈನಲ್ ತಲುಪಿತು. ದ್ಯಾಮಣ್ಣನಿಗೂ ವಯಸ್ಸಾಗಿತ್ತು, ಅದು ಅವನ ಕೊನೆಯ ಸೀಸನ್. ಆ ದಿನ ಅವನ ಹೆಂಡತಿ ನೀಲವ್ವ ಬಂದಿದ್ದಳು. ಮದುವೆಯಾದಾಗಿನಿಂದ ಅವಳು ಗಂಡನ ಬೆವರಿನ ಅಂಗಿ ಒಗೆದಿದ್ದಳೇ ಹೊರತು ಅವನು ಆಡಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಇಸ್ತ್ರಿ ಸೀರೆ ಉಟ್ಟು, ಗ್ಯಾಲರಿಯ ಮೊದಲ ಮೆಟ್ಟಿಲ ಮೇಲೆ ಕೂತಿದ್ದಳು.

ಎರಡು ಗೋಲಿನ ಮುನ್ನಡೆ. ಹತ್ತು ನಿಮಿಷ ಬಾಕಿ. ಕೋಚ್ ಕರೆದ: "ಜಾಕೀಟ ತಗೀ ದ್ಯಾಮಣ್ಣಾ." ನಿಜವಾಗಿಯೂ ಕರೆದ! ದ್ಯಾಮಣ್ಣ ಜಾಕೀಟು ಕಳಚಿ ಗೆರೆಯ ಹತ್ತಿರ ನಿಂತ. ಅವನ ನಂಬರಿನ ಹಲಗೆ ತಯಾರಾಯಿತು. ಚೆಂಡು ಹೊರಗೆ ಹೋದರೆ ಸಾಕು, ಅವನು ಒಳಗೆ. ಮೆಟ್ಟಿಲ ಮೇಲೆ ನೀಲವ್ವ ಎದ್ದು ನಿಂತಳು.

ಅಷ್ಟರಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದರು.

ಕೋಚ್ ಗಡಿಯಾರ ನೋಡಿದ. ಜೀವಮಾನದ ಕಪ್ಪು ಕೈ ತಪ್ಪಿದರೆ? "ತಡೀ, ತಡೀ! ಒಂದ್ ಸ್ವಲ್ಪ ತಡೀ," ಎಂದು ದ್ಯಾಮಣ್ಣನ ತೋಳು ಹಿಡಿದು ಹಿಂದಕ್ಕೆಳೆದ. ಆ ಸ್ವಲ್ಪ ಮುಗಿಯಲೇ ಇಲ್ಲ. ಸೀಟಿ ಕೂಗಿತು. ಗೆದ್ದರು. ಕೋಚನ್ನು ಹೆಗಲ ಮೇಲೆ ಹೊತ್ತು ಕುಣಿದರು. ನೀಲವ್ವ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು.

ಕುಣಿತ ಮುಗಿದ ಮೇಲೆ ಕೋಚ್ ಬಂದ. "ಮುಂದಿನ ಸೀಸನ್ನಿಗೂ ಬಾ. ಮೊದಲನೇ ಮ್ಯಾಚಿಂದನ ನೀ ಆಡ್ತಿ. ನನ್ನ ಮಾತದು."

ದ್ಯಾಮಣ್ಣ ಬೂಟಿನ ಲೇಸು ಬಿಚ್ಚುತ್ತಿದ್ದ. ಸಿಟ್ಟಿರಲಿಲ್ಲ ಅವನಿಗೆ. ಸಿಟ್ಟಿದ್ದರೆ ಚೆನ್ನಾಗಿತ್ತು. "ಬ್ಯಾಡ್ರೀ ಸರ," ಅಂದ. "ಬರೇ ಮೈ ಬಿಸಿ ಮಾಡ್ಕೊಂಡ ಮಾಡ್ಕೊಂಡ ಸುಸ್ತಾಗೇತ್ರೀ ನನಗ."

ಹೆಂಡತಿಯ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದ. ಮತ್ತೆ ಬರಲಿಲ್ಲ.

ಮರುವರ್ಷ ಆ ಕೋಚಿಗೆ ದೊಡ್ಡ ಕ್ಲಬ್ಬು, ದೊಡ್ಡ ಹಾರ. ಮೊದಲ ಮ್ಯಾಚು, ಅರ್ಧ ಆಟ ಕಳೆದಿತ್ತು. ಅಭ್ಯಾಸ ಬಲ ನೋಡಿ, ತಿರುಗಿ ಕೂಗಿದ: "ದ್ಯಾಮಣ್ಣಾ, ಮೈ ಬಿಸಿ ಮಾಡ್ಕೊ!" ಬೆಂಚಿನ ಮೇಲಿದ್ದ ಹೊಸಬರು ಮುಖ ಮುಖ ನೋಡಿಕೊಂಡರು. ಆತ್ರೀ ಸರ ಅನ್ನುವವರು ಯಾರೂ ಇರಲಿಲ್ಲ. ಆವತ್ತು ಅವನು ಗೆರೆಯ ಹೊರಗಿನ ಖಾಲಿ ಜಾಗವನ್ನೇ ನೋಡುತ್ತ ನಿಂತ, ತನ್ನ ಟೀಮಿನ ಆಟವನ್ನು ನೋಡಲೇ ಇಲ್ಲ.

ಈಗ ನಿಮ್ಮ ಹತ್ತಿರ ಬರುತ್ತೇನೆ. ಗಡಿಯಾರ ನೋಡಬೇಡಿ, ನಿಮ್ಮ ಊಟ ಎಲ್ಲೂ ಓಡಿಹೋಗುವುದಿಲ್ಲ. ನಿಮ್ಮ ಮನೆಯಲ್ಲಿ ಗೆರೆಯ ಹೊರಗೆ ಓಡುತ್ತಿರುವವರು ಯಾರು? ಹೊಲಿಗೆ ಅಂಗಡಿ ಇಡುತ್ತೇನೆ ಅಂದ ಸೊಸೆಗೆ ತಡಿ ಅಂದಿಲ್ಲವೇ? ಅಕ್ಕನ ಊರಿಗೆ ಒಂದ್ಸಲ ಹೋಗೋಣ ಅಂದ ಹೆಂಡತಿಗೆ ಆಗಲಿ ಆಗಲಿ ಅಂದಿಲ್ಲವೇ? ನಮ್ಮ ಈ ದೇವಾಲಯದ ಗಾಯನ ತಂಡದಲ್ಲೇ ಒಬ್ಬಾಕೆ ಪ್ರತಿ ಶನಿವಾರ ಅಭ್ಯಾಸಕ್ಕೆ ಬರುತ್ತಾಳೆ, ಭಾನುವಾರ ಮುಂದೆ ನಿಂತು ಒಬ್ಬರೇ ಹಾಡುವವರು ಬೇರೆಯವರು. ಯಾಕೆಂದರೆ ಅವರು ಮುನಿಸಿಕೊಳ್ಳುತ್ತಾರೆ, ಇವಳು ಮುನಿಸಿಕೊಳ್ಳುವುದಿಲ್ಲ! ಸುಮ್ಮನಿರುವವರನ್ನು ಕಾಯಿಸುವುದಕ್ಕೆ ನಾವು ನಂಬಿಕೆ ಅಂತ ಹೆಸರಿಟ್ಟಿದ್ದೇವೆ. ದೇವರು ಮೆಚ್ಚುವ ಮಾತೇ ಇದು?

ಬಾಗಿಲಲ್ಲಿ ನನ್ನ ಕೈ ಕುಲುಕಿ, ಚೆನ್ನಾಗಿ ಹೇಳಿದಿರಿ ಅಯ್ಯನವರೇ ಅನ್ನಬೇಡಿ. ಪ್ರತಿ ಭಾನುವಾರ ಅದನ್ನು ಕೇಳಿ ಕೇಳಿ ನನಗೂ ಸುಸ್ತಾಗಿದೆ. ನೆಟ್ಟಗೆ ಮನೆಗೆ ಹೋಗಿ. ಆ ಒಬ್ಬರನ್ನು ಹೆಸರು ಹಿಡಿದು ಕರೆಯಿರಿ. ಮುಂದಿನ ವರ್ಷ ಅನ್ನಬೇಡಿ, ಹಬ್ಬ ಕಳೆಯಲಿ ಅನ್ನಬೇಡಿ. ಆಟ ಹತ್ತೇ ನಿಮಿಷ ಉಳಿದಿರಲಿ, ಒಂದು ಗೋಲು ಬಿಟ್ಟುಕೊಟ್ಟಿರಲಿ, ಹಿಡಿದ ತೋಳು ಬಿಟ್ಟು ಒಳಗೆ ಕಳಿಸಿ. ಅವರು ಇನ್ನೂ ಬೂಟು ಬಿಚ್ಚಿಲ್ಲ.