ಕಿಟ್ಟನ ಎಡ ಅಂಚು

ಗಿರಿಜಾ ಮೂರನೆಯ ಸಲ ಮೊಳ ಹಾಕಿದಳು. ಮೊಣಕೈಯಿಂದ ಬೆರಳ ತುದಿಗೆ ಒಂದು, ಮತ್ತೆ ಅರ್ಧ. ನಿನ್ನೆ ಸಂಜೆ ಮಗ್ಗದಿಂದ ಏಳುವಾಗ ಗುರುತಿಗೆಂದು ಸಿಕ್ಕಿಸಿದ್ದ ಕೆಂಪು ನೂಲು ಅಲ್ಲೇ ಇತ್ತು. ಅದರಿಂದೀಚೆಗೆ ಒಂದೂವರೆ ಮೊಳ ಸೀರೆ ಹೆಚ್ಚು ಬೆಳೆದಿತ್ತು. ಅವಳಂತೂ ನೇಯ್ದಿರಲಿಲ್ಲ. ಅತ್ತೆ ಅಕ್ಕುವಿಗೆ ಕಣ್ಣು ಮಂಜಾಗಿ ಮಗ್ಗಕ್ಕೆ ಕೂರುವುದು ಬಿಟ್ಟು ಎರಡು ವರ್ಷವಾಗಿತ್ತು. ಮನೆಯಲ್ಲಿ ಇನ್ನಿದ್ದದ್ದು ತಿಳಿಗಂಜಿ ಕುಡಿದು ಮಲಗಿದ ಒಂದು ವರ್ಷದ ಮಗಳು ಮಾತ್ರ.

ಆಟಿ ತಿಂಗಳ ಮಳೆ. ನೂಲಿಗೆ ಹಾಕಿದ ಗಂಜಿ ಒಣಗದೆ ಕೇರಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿ ಕೂತಿದ್ದವು. ಕೆಲಸವಿಲ್ಲದ ನೆರೆಮನೆಯ ಚಂದಯ್ಯ ಮಳೆಗೆಂದು ಹೊದ್ದ ಎಲೆಯ ಗೊರಬನ್ನು ಬಾಗಿಲಿಗೊರಗಿಸಿ, ಎಲೆಯಡಿಕೆ ಜಗಿಯುತ್ತ ಒಳಗೆ ಬಂದ. ಮಗ್ಗದ ಮೇಲೆ ಬಗ್ಗಿ ನೋಡಿ ನಕ್ಕು, ಅಡುಗೆಮನೆಯತ್ತ ಕೂಗಿದ.

"ಹ್ವಾಯ್ ಅಕ್ಕು, ಕಿಟ್ಟ ಬೊಂಬಾಯಿಂದ ಯಾವಾಗ ಬಂದದ್? ನಾವೆಲ್ಲ ಬೀಡಿ ಕೇಂತ್ರ್ ಅಂದೇಳಿ ಮಗನ್ನ ಅಟ್ಟದ ಮೇಲ್ ಅಡಗ್ಸಿ ಇಟ್ಟಿದ್ಯಾ?"

"ಅವ್ರ್ ಬರ್ಲಿಲ್ಲೆ," ಎಂದಳು ಗಿರಿಜಾ.

"ನನ್ನತ್ರ ಸುಳ್ಳ್ ಹೇಳ್ಬೇಡ ಹೆಣ್ಣೆ. ಎಡ ಅಂಚ್ ಕಾಣ್, ಒಳಗೆ ಎಳ್ಕಂಡಿತ್. ಈ ಕೇರಿಯಲ್ ಹೀಂಗೆ ನೇಯುವವ ಒಬ್ಬನೇ. ಎಷ್ಟ್ ಬೈದ್ರೂ ಅವ ತಿದ್ಕಳ್ಲಿಲ್ಲೆ!"

ಗಿರಿಜಾ ಆ ಅಂಚನ್ನು ಆಗಲೇ ನೋಡಿದ್ದಳು. ಮೂರು ಸಲ ಮೊಳ ಹಾಕಿದ್ದೂ ಅದಕ್ಕೇ; ಅಳತೆ ತಪ್ಪಿದ್ದರೆ, ನಿನ್ನೆ ತಾನೇ ನೇಯ್ದು ಮರೆತಿದ್ದರೆ ಎಂಬ ಆಸೆಯಿಂದ. ನೇಕಾರರ ಸೊಸೈಟಿಯಲ್ಲಿ ಸೀರೆಗಳು ಖರ್ಚಾಗದೆ ಕೊಳೆಯತೊಡಗಿದಾಗ, ದೀಪಾವಳಿ ಕಳೆದ ವಾರ, ಅವಳ ಗಂಡ ಕಿಟ್ಟ ಬೊಂಬಾಯಿಯ ಮಿಲ್ಲಿಗೆ ಹೋಗಿದ್ದ. ಯುಗಾದಿಯ ನಂತರ ಅವನಿಂದ ಕಾಗದವಿಲ್ಲ.

ಅಕ್ಕು ಅಡುಗೆಮನೆಯಿಂದ ಬಂದಳು. ಬೆರಳಿನಿಂದ ಎಡ ಅಂಚನ್ನು ಉದ್ದಕ್ಕೂ ಸವರಿ, ಕಾಲಿಳಿಬಿಡುವ ಮಗ್ಗದ ಗುಂಡಿಯ ದಡದಲ್ಲಿ ಕೂತಳು.

"ಚಂದಯ್ಯ, ಕೂಕೋ. ಗಿರಿಜಾ, ನೀನೂ. ಇದನ್ನ ನಾ ಯಾರಿಗೂ ಹೇಳ್ಲಿಲ್ಲೆ... ಹೆತ್ತ ಮಕ್ಕಳಿಗೂ ಹೇಳ್ಲಿಲ್ಲೆ."

ಮಾಡಿನ ಹಂಚಿನ ಮೇಲೆ ಮಳೆ ಜೋರಾಯಿತು. ಅಕ್ಕು ಅದಕ್ಕಿಂತ ಜೋರಾಗಿ ಮಾತಾಡಲಿಲ್ಲ. ಇಬ್ಬರೂ ಹತ್ತಿರ ಸರಿದು ಕೂರಬೇಕಾಯಿತು.

"ಹದ್ನಾಲ್ಕ್ ವರ್ಷ ಆಯ್ತ್... ಬ್ರಹ್ಮಾವರ ಪೇಟೆಯಲ್ ಮಿಲ್ ಸೀರೆ ರಾಶಿ ಬಿದ್ದ ವರ್ಷ. ನಮ್ಮ ಸೀರೆ ಕೇಂಬವ್ರೇ ಇಲ್ಲೆ. ನಮ್ಮ ಅನ್ನ ತಕಂಡ ಮಿಲ್ಲೇ ಅನ್ನ ಕೊಡ್ಲಿ ಅಂದೇಳಿ ಕಿಟ್ಟನ ಅಪ್ಪಯ್ಯ ಬೊಂಬಾಯಿಗೆ ಹೋದ್ರ್, ಉದ್ದ ಎಳೆಯ ಹಾಸ್ ಅರ್ಧ ನೇಯ್ದ್ ಮಗ್ಗದಲ್ಲೇ ಬಿಟ್ಟ್. ಇಲ್ಲಿ ನಾನ್, ನಾಲ್ಕ್ ಮಕ್ಕಳ್. ಅದಕ್ಕೇ ಹೊಸ ಎಳೆ ಕಟ್ಟಿ ದಿನಕ್ಕೆ ಎರಡ್ ಮೊಳ ನೇಯ್ತಿದ್ದೆ. ಆರ್ ತಿಂಗ್ಳ್ ಕಳ್ದ್ ಒಂದ್ ದಿನ ಬೆಳಿಗ್ಗೆ ಎದ್ದ್ ಕಂಡ್ರೆ... ನಾಲ್ಕ್ ಮೊಳ! ನೀವಾದ್ರೆ ಎಂತ ಮಾಡ್ತಿದ್ರಿ? ಹೆದ್ರಿ ಓಡ್ತಿದ್ರ್ಯಾ? ನಾ ಓಡ್ಲಿಲ್ಲೆ. ಸೀರೆ ಕೊಯ್ದ್ ಸೊಸೈಟಿಗೆ ಕೊಟ್ಟ್, ಅಕ್ಕಿ ತಂದ್, ಬೇಯ್ಸಿ ಹಾಕ್ದೆ. ಮೊದ್ಲ್ ಮಕ್ಕಳ್ ಉಣ್ಲಿ, ಹೆದ್ರುದ್ ಆಮೇಲೆ..."

"ಮತ್ತೆ?" ಎಂದ ಚಂದಯ್ಯ. ಅವನ ದವಡೆ ನಿಂತಿತ್ತು.

"ದಿನಾ ಬೆಳಿಗ್ಗೆ ಈ ಗುಂಡಿ ಗುಡಿಸಿದ್ರೆ ಒಂದ್ ಮುಷ್ಟಿ ಹತ್ತಿ. ಗಂಜಿ ಹಾಕಿದ ನೂಲಲ್ಲಿ ಅಷ್ಟ್ ಹತ್ತಿ ಉದುರತ್ತಾ ಚಂದಯ್ಯ, ನೀನೇ ಹೇಳ್?"

"ಉದುರುದಿಲ್ಲೆ."

"ಎರಡ್ ತಿಂಗ್ಳ್ ಕಳ್ದ್ ಅವ್ರೊಟ್ಟಿಗೆ ಇದ್ದವ ಊರಿಗೆ ಬಂದ. ಅವ್ರ ಅಂಗಿ ತಂದ್ ಕೊಟ್ಟ. ಹತ್ತಿ ಧೂಳ್ ಎದೆಗ್ ಹೊಕ್ಕಿ ಹೋದ್ರ್ ಅಂದ. ಯಾವತ್ತ್ ಅಂತ ಕೇಂಡೆ... ಆ ನಾಲ್ಕ್ ಮೊಳ ಕಂಡದ್ದ್ ಅದೇ ದಿನ."

ಗಿರಿಜಾ ಮಗ್ಗದ ಕಡೆ ನೋಡಲಿಲ್ಲ. ಮಗಳು ಮಲಗಿದ್ದ ಚಾಪೆಯನ್ನು ತನ್ನತ್ತ ಎಳೆದುಕೊಂಡಳು.

"ಗಿರಿಜಾ, ನಿಂಗ್ ಗೊತ್ತಿತ್ತಲ್ಲ, ನಾವ್ ಮಗ್ಗ ಬರಿದ್ ಮಾಡುದಿಲ್ಲೆ. ಹಳೇ ಹಾಸಿನ ಕಡೆಯ ಒಂದ್ ಗೇಣ್ ಬಿಟ್ಟ್, ಅದ್ರ ಒಂದೊಂದ್ ಎಳೆಗೂ ಹೊಸತರ ಎಳೆ ಕಟ್ಟುದ್. ಸುದ್ದಿ ಬಪ್ಪತ್ತಿಗೆ ಮಗ್ಗದಲ್ಲಿದ್ದ ಹಾಸ್ ಮುಗೀತಾ ಬಂತ್. ಅದನ್ನ ಕಡ್ದ್, ಒಂದ್ ದಿನ ಮಗ್ಗ ಬರಿದ್ ಬಿಟ್ಟಿದ್ರೆ ಅವ್ರ್ ಹೋಗ್ತಿದ್ರ್... ನಂಗ್ ಗೊತ್ತಿತ್ತ್. ಗೊತ್ತಿದ್ದೇ ಕಟ್ಟಿದೆ. ಅದ್ ಮುಗಿದ್ಮೇಲೆ ಮತ್ತೊಂದ್. ಹನ್ನೊಂದ್ ವರ್ಷ ಕಟ್ಟಿದೆ! ಒಂದ್ ದಿನ ಮಧ್ಯಾಹ್ನ ನೂಲ್ ತೊಳ್ದ್ ಹೊಳೆಯಿಂದ ಬಂದ್ರೆ, ತುಳಿಯುವ ಹಲಗೆ ಏರತ್ತ್, ಇಳಿಯತ್ತ್... ಕಾಲಿಲ್ಲೆ. ಕೆಮ್ಮ್ ಮಾತ್ರ ಕೇಂತ್. 'ಸಾಕಾಯ್ತೆ ಅಕ್ಕು, ಕಡಿ' ಅಂದ್ರ್. ನಾ ಎಂತ ಮಾಡ್ದೆ ಗೊತ್ತಿತ್ತಾ? ಬಗ್ಲಲ್ ಕೂಕಂಡ್ ಲಾಳಿಗೆ ನೂಲ್ ಸುತ್ತಿ ಕೊಟ್ಟೆ. ಮಿಲ್ಲಿನವ್ರಾದ್ರೂ ವಾರಕ್ಕೊಂದ್ ರಜೆ ಕೊಡ್ತಿದ್ರ್... ನಾ ಸತ್ತವ್ರಿಗೂ ಕೊಡ್ಲಿಲ್ಲೆ."

ಅವಳ ದನಿಯಲ್ಲಿ ಅಳುವಿರಲಿಲ್ಲ. ಅತ್ತು ಮುಗಿಸಿದವಳ ಹಾಗೆ ಹೇಳುತ್ತಿದ್ದಳು.

"ಕಡೆಗ್ ಬಿಟ್ಯಲ್ಲ?" ಎಂದ ಚಂದಯ್ಯ, ಎದ್ದು ನಿಂತು.

"ಕಿಟ್ಟನ ಮದ್ವಿ ನಿಶ್ಚಯ ಆಯ್ತ್. ಬಪ್ಪ ಹೆಣ್ಣಿಗೆ ಇದೆಲ್ಲ ತಿಳೀಬಾರ್ದ್ ಅಂದೇಳಿ ಕಡ್ದ್ ಬಿಟ್ಟೆ. ಅಲ್ಲಿಂದ ಇವತ್ತಿನ ತನ್ಕ ಗುಂಡಿಯಲ್ ಮಣ್ಣ್ ಬಿಟ್ರೆ ಬೇರೆಂತದ್ದೂ ಇರ್ಲಿಲ್ಲೆ." ಅಕ್ಕು ಸೊಸೆಯ ಕಡೆ ತಿರುಗಿದಳು. "ಇವತ್ತ್ ನೀ ಏಳುಕ್ ಮುಂಚೆ ಗುಂಡಿ ಗುಡಿಸಿದ್ದ್ ನಾನೇ... ಎಂತ ಸಿಕ್ತ್ ಅಂದೇಳಿ ಕೇಣ್ಬೇಡ."

ಚಂದಯ್ಯ ಗೊರಬನ್ನೂ ಮರೆತು ಮಳೆಗಿಳಿದು ಹೋದ.

ಮಗಳು ಎದ್ದಳು. ಹಸಿದ ಮಗುವಿನ ಅಳು ಮೊದಲು ಸಣ್ಣಗಿದ್ದು, ಆಮೇಲೆ ಮನೆ ತುಂಬಿತು. ಗಿರಿಜಾ ಎದೆಗೊತ್ತಿಕೊಂಡಳು, ಹಾಲಿರಲಿಲ್ಲ. ಮಗ್ಗದ ಮೇಲೆ ನೇಯಲು ಉಳಿದ ಹಾಸು ಎರಡೇ ಮೊಳ. ನಾಳೆಗೆ ಮುಗಿಯುತ್ತದೆ. ಕಟ್ಟಿದರೆ ಅನ್ನ ಬರುತ್ತದೆ. ಆದರೆ ಕಟ್ಟಿದ ಆ ಗಳಿಗೆಯಿಂದ ಕಿಟ್ಟ ಸತ್ತವನಾಗುತ್ತಾನೆ. ಕಾಗದ ತಡವಾಗಿದೆ, ಜ್ವರ ಬಂದಿದೆ, ಮಿಲ್ಲಿನಲ್ಲಿ ಗಲಾಟೆಯಾಗಿದೆ ಎಂದು ಅವಳು ಮೂರು ತಿಂಗಳಿಂದ ಒಂದೊಂದಾಗಿ ಹುಡುಕಿಕೊಂಡಿದ್ದ ಕಾರಣಗಳೆಲ್ಲ ಆ ಒಂದು ಗಂಟಿನಲ್ಲಿ ಮುಗಿದುಹೋಗುತ್ತವೆ.

ಅಕ್ಕು ಒಳಗೆ ಹೋಗಿ ಬಂದಳು. ಐದು ದಿನ ಒಲೆಯ ಮೇಲೆ ತೂಗುಹಾಕಿ, ಬೆಂಕಿಯ ಕಾವಿನಲ್ಲಿ ಒಣಗಿಸಿದ ಹೊಸ ಹಾಸು ಅವಳ ಕೈಯಲ್ಲಿತ್ತು. ಹೊಗೆಯ ವಾಸನೆ ಹೊಡೆಯುತ್ತಿತ್ತು.

"ನನ್ನ ಕಣ್ಣಿಗೆ ಎಳೆ ಕಾಣುದಿಲ್ಲೆ, ಇಲ್ದಿದ್ರೆ ನಾನೇ ಕಟ್ತಿದ್ದೆ. ನನ್ನ ಹೊಟ್ಟೆಯಲ್ ಹುಟ್ಟಿದವ ಅಲ್ದಾ ಅವ? ನಂಗ್ ಸಂಕಟ ಇಲ್ಯಾ? ಆದ್ರೂ ಮಗು ಉಣ್ಬೇಕಲ್ಲ ಹೆಣ್ಣೆ... ಹಿಡ್ಕೋ, ಕಟ್ಟ್."

ಎಳೆಗಳ ತುದಿಯನ್ನು ಅವಳು ಸೊಸೆಯ ಮಡಿಲಿಗೆ ಚಾಚಿದಳು. ಗಿರಿಜಾ ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿ, ಆ ಕೈಯನ್ನು ದೂರಕ್ಕೆ ಸರಿಸಿದಳು.

"ನಾ ಕಟ್ಟುದಿಲ್ಲೆ."