ಗೋಡೆಯಿಂದ ಇಳಿದ ದೊಡ್ಡ ಡಾಕ್ಟರು

ಹಲೋ... ಹಾಂ, ಆಸ್ಪತ್ರೆಯಿಂದಾನೇ. ಮುಖ್ಯ ವೈದ್ಯೆ ಮಾತಾಡ್ತಿರೋದು. ತಾವು ಯಾರು?...

ಯಾವ ಫೋಟೋ?... ಓ, ಬಾಗಿಲೆದುರು ಇತ್ತಲ್ಲ, ದೊಡ್ಡ ಡಾಕ್ಟರದ್ದಾ? ಹೌದಮ್ಮ, ಇಳಿಸಿದ್ವಿ. ನಿನ್ನೆ ಸಭೆ ಮಾಡಿ, ಎಲ್ಲರೂ ಒಪ್ಪಿಯೇ ಇಳಿಸಿದ್ದು...

ಆಸ್ಪತ್ರೆ ಕಟ್ಟಿದ್ದು ಅವರೇ, ಇಲ್ಲ ಅಂದೋರ್ಯಾರು? ಆದ್ರೆ ಕುಷ್ಠರೋಗ ಬಂದ ಹೆಂಗಸರ ಮಕ್ಕಳನ್ನ ಹುಟ್ಟಿದ ಕೂಡಲೇ ಕಿತ್ಕೊಂಡು ಬೇರೆ ಕಟ್ಟಡದಲ್ಲಿ ಬೆಳೆಸಿದ್ರಲ್ಲ, ಅದನ್ನ ಇವತ್ತು ಹೇಗೆ ಒಪ್ಪೋದು ಹೇಳಿ? ಆ ಮಕ್ಕಳ ಪರವಾಗಿ ಅಂತಾನೇ ನಾವು...

ಹಾಂ?... ಏನಂದ್ರಿ?...

ನೀವು... ಆ ಮಕ್ಕಳಲ್ಲಿ ಒಬ್ಬರಾ?...

ಇಲ್ಲಮ್ಮ. ನಿಮ್ಮನ್ನ ಯಾರೂ ಕೇಳಲಿಲ್ಲ, ನಿಜ. ನೀವೆಲ್ಲ ಇನ್ನೂ ಇದ್ದೀರಿ ಅಂತ್ಲೇ... ಅಯ್ಯೋ, ಬಾಯಿ ತಪ್ಪಿ ಬಂತು. ಹುಡುಕಬೇಕಿತ್ತು. ಹುಡುಕಲಿಲ್ಲ. ನಮ್ಮದೇ ತಪ್ಪು...

ಹೇಳಿ, ಹೇಳಿ. ನಂಗೇನೂ ಅವಸರ ಇಲ್ಲ. ತಡೀರಿ, ಬಾಗಿಲು ಹಾಕ್ಕೊಂಡು ಬರ್ತೀನಿ... ಹಾಂ.

ಗಾಜಿನಾಚೆ ನಿಮ್ಮ ತಾಯಿ, ಈಚೆ ನೀವು. ಹೂಂ... ಎತ್ತಿ ತೋರಿಸ್ತಿದ್ದದ್ದು ಯಾರು? ದೊಡ್ಡ ಡಾಕ್ಟರೇನಾ?... ಹೆಗಲ ಮೇಲೆ ಕೂರಿಸ್ಕೊಂಡು?... ನಿಮಗೆ ಜ್ವರ ಬಂದ್ರೆ ಹಾಸಿಗೆ ಪಕ್ಕದಿಂದ ಏಳ್ತಾನೇ ಇರಲಿಲ್ವಾ... ಅಪ್ಪ ಅಂತಾನೇ ಕರೀತಿದ್ರಾ?...

ಹಾಗಾದ್ರೆ ಫೋಟೋ ಮತ್ತೆ ಹಾಕ್ಬೇಕು ಅಂತೀರಾ?... ಅದೂ ಬೇಡ್ವಾ? ಮತ್ತೆ?... ನಗಬೇಡಿ ಅಮ್ಮ, ನಿಜಕ್ಕೂ ತಿಳೀತಿಲ್ಲ ನಂಗೆ...

ಓ... ದೊಡ್ಡವರಾದ್ಮೇಲೆ ನೀವೇ ಅವರನ್ನ ಮುಖಕ್ಕೆ ಹೊಡೆದ ಹಾಗೆ ಕೇಳಿದ್ರಾ? ನಮ್ಮಮ್ಮನ ಮಡಿಲು ಯಾಕೆ ತಪ್ಪಿಸಿದ್ರಿ ಅಂತ?... ಏನಂದ್ರು?...

"ಅವತ್ತಿಗೆ ಗೊತ್ತಿದ್ದದ್ದು ಅಷ್ಟೇ" ಅಂದ್ರಾ. ಹೂಂ. ಅದೂ ನಿಜಾನೇ ಅನ್ನಿ, ಆ ಕಾಲಕ್ಕೆ ಎಲ್ಲ ಕಡೆ ಹಾಗೇ... ಏನು? ಗೊತ್ತಿತ್ತಾ? ಯಾರಿಗೆ?... ಹಿರಿಯ ನರ್ಸಿಗಾ? ಔಷಧಿ ತಗೊಳ್ತಿರೋ ತಾಯಂದಿರ ಹತ್ರ ಮಗು ಬಿಡಬಹುದು ಅಂತ ಅವತ್ತೇ ಹೇಳಿದ್ರಾ?... ದೊಡ್ಡ ಡಾಕ್ಟರು ಕಿವಿಗೇ ಹಾಕ್ಕೊಳ್ಳಲಿಲ್ವಾ... ಹಾಗಿದ್ರೆ ಇವತ್ತಿನವರು ನ್ಯಾಯ ಹೇಳೋ ಅಗತ್ಯಾನೇ ಇರಲಿಲ್ಲ. ಅವತ್ತಿನವರೇ ಹೇಳಿ ಆಗಿತ್ತು, ಅಲ್ವಾ?...

ಯಾಕೆ ಇಳಿಸಿದ್ರಿ ಅಂತ ಅಲ್ಲ, ಇಳಿಸಿದ್ದು ಯಾರು ಅಂತ ಕೇಳೋಕೆ ಫೋನ್ ಮಾಡಿದ್ರಾ? ನಾನೇ, ಅಮ್ಮ. ಮೊದಲು ಮಾತೆತ್ತಿದ್ದೂ ನಾನೇ... ಹೌದು, ಲಾಕ್‌ಡೌನ್ ಆಗಿತ್ತಲ್ಲ, ಆ ಸೋಂಕಿನ ವರ್ಷ ಇಲ್ಲೇ ಇದ್ದೆ. ವಾರ್ಡು ನನ್ನ ಕೈಯಲ್ಲೇ ಇತ್ತು. ಯಾಕೆ?...

ನಿಮ್ಮ ಯಜಮಾನರಾ?... ಮಹಡಿ ಮೇಲೆ, ಕೊನೇ ಹಾಸಿಗೆ... ಬಡಗಿ. ಹೆಬ್ಬೆರಳು ಅರ್ಧ ಇರಲಿಲ್ಲ... ನೆನಪಿದೆ. ಬಾಗಿಲ ಹತ್ರ ಹಸಿರು ಸ್ವೆಟರ್ ಹಾಕ್ಕೊಂಡು ನಿಂತಿದ್ದೋರು... ನೀವಾ?...

ಅಮ್ಮ...

ಯಾರನ್ನೂ ಒಳಗೆ ಬಿಡಬಾರ್ದು ಅಂತ ಆದೇಶ ಇತ್ತು. ಮೇಲಿಂದ ಬಂದಿತ್ತು. ರೋಗ ಹೇಗೆ ಹರಡುತ್ತೆ ಅಂತ ಯಾರಿಗೂ ಸರಿಯಾಗಿ... ಅವತ್ತಿಗೆ ಗೊತ್ತಿದ್ದದ್ದು...

ಹೂಂ. ಅದೇ ಮಾತು. ನನ್ನ ಕಿವಿಗೂ ಬಿತ್ತು...

ಬೈದುಬಿಡಿ ನನ್ನ. ಹೀಗೆ ಮೆತ್ತಗೆ ಮಾತಾಡಬೇಡಿ... ಏನು? ಅವತ್ತು ನಾನು ಊಟ ಮಾಡಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?... ಮುಖ ನೋಡಿದ್ರೆ ಗೊತ್ತಾಗ್ತಿತ್ತಾ... ನಾನು ನಿಮ್ಮ ಮುಖ ನೋಡಲೇ ಇಲ್ಲಮ್ಮ. ಸ್ವೆಟರ್ ನೋಡ್ಕೊಂಡೇ ಮಾತಾಡಿದೆ. ಮುಖ ನೋಡಿದ್ರೆ ಬಿಡಬೇಕಾಗುತ್ತಲ್ಲ ಅಂತ...

ಹಲೋ? ಮಾತು ಕತ್ತರಿಸಿ ಕತ್ತರಿಸಿ ಬರ್ತಿದೆ... ಚಾರ್ಜು ಮುಗೀತಿದೆಯಾ? ಇರಿ, ಇಡಬೇಡಿ. ಒಂದೇ ಮಾತು. ನಮ್ಮಲ್ಲೂ ಒಬ್ಬಳು ನರ್ಸ್ ಹೇಳಿದ್ಲು ಅಮ್ಮ. "ಸೋಂಕು ತಡೆಯೋ ಗೌನು ಇನ್ನೊಂದಿದೆ ಮೇಡಂ, ಹಾಕಿಸಿ ಒಂದು ಗಳಿಗೆ ಕಳಿಸೋಣ, ಯಜಮಾನರಿಗಿನ್ನು ಹೆಚ್ಚು ಹೊತ್ತಿಲ್ಲ" ಅಂತ. ಅವತ್ತೇ ಹೇಳಿದ್ಲು. ನಾನೇ ಬೇಡ ಅಂದೆ... ಕೇಳಿಸ್ತಾ? ಗೌನು ಇತ್ತು ಅಮ್ಮ... ಹಲೋ?... ಹಲೋ?...