ಎರಡನೇ ರೀಸೆಟ್

...ನಗು, ನಗು! ಅಕ್ಕ ಬುದ್ಧಿ ಹೇಳೋಕೆ ಬಂದ್ರೆ ನಗು ಬರದೆ ಇನ್ನೇನು ಬರುತ್ತೆ? ಕಾಫಿ ಬೇಡ. ಕೂರೋಕೆ ಜಾಗ ಕೊಡು ಸಾಕು. ಕುರ್ಚಿ ಮೇಲೆ ಕಂಪ್ಯೂಟರ್, ಸ್ಟೂಲ್ ಮೇಲೆ ಕಂಪ್ಯೂಟರ್... ಇಸ್ತ್ರಿ ಮೇಜಿನ ಮೇಲೂ ಒಂದಾ! ನಿನ್ನ ಹೆಂಡತಿ ದೇವತೆ ಕಣೋ.

ಏನು ಹೇಳ್ತಿದ್ದೆ? ಹಾಂ. ಐದು ವರ್ಷ! ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮಿಗೆ ಪುಕ್ಕಟೆ ಡ್ರೈವರ್ ಬರೆಯೋ ಪುಕ್ಕಟೆ ತಮ್ಮ. ನಮ್ಮ ಕಂಪನಿ ನೆಟ್‌ವರ್ಕ್ ಕಾರ್ಡ್ ಮಾರುತ್ತೆ, ಅದನ್ನ ಮಾತಾಡಿಸೋ ಪ್ರೋಗ್ರಾಂ ನೀನು ಬರೀತೀಯ. ಕಾರ್ಡಿನ ಕೈಪಿಡಿ ಕೊಡಿ ಅಂತ ಕಂಪನಿಗೆ ನೀನು ಹನ್ನೊಂದು ಕಾಗದ ಹಾಕಿದೆ. ಹನ್ನೊಂದಕ್ಕೂ ಒಂದೇ ಉತ್ತರ: "ಕ್ಷಮಿಸಿ, ಅಂಥ ಕೈಪಿಡಿ ಇಲ್ಲ." ಕೆಳಗೆ ಒಂದು ಸಹಿಯೂ ಇಲ್ಲ. ಆದ್ರೂ ಎಷ್ಟು ಮರ್ಯಾದಸ್ಥರು ನೋಡು! ಹನ್ನೊಂದು ಸಲ ಕ್ಷಮೆ ಕೇಳಿದಾರೆ. ನಿನ್ನ ಭಾವ ಮೂವತ್ತು ವರ್ಷದಲ್ಲಿ ಒಂದು ಸಲ ಕೇಳಿಲ್ಲ.

ನಾನಾ? ನಾನೇನು ಮಾಡ್ಲಿ ಅಲ್ಲಿ? ಕಾಗದಪತ್ರದ ವಿಭಾಗದಲ್ಲಿ ಕೂತು ಅಲ್ಪವಿರಾಮ ತಿದ್ದೋಳು. ಕಾರ್ಡಿನ ಹೊಟ್ಟೇಲಿ ಏನಿದೆ ಅಂತ ನನಗ್ಯಾರು ಹೇಳ್ತಾರೆ?

ಶುಕ್ರವಾರ ನಿನ್ನ ಆ ಪುಕ್ಕಟೆ ಸಿಸ್ಟಮ್ಮಿನೋರೇ ನಿನ್ನ ಡ್ರೈವರನ್ನ ಕಿತ್ತು ಬಿಸಾಕ್ತಾರಂತೆ. ಮೂರನೇ ದೊಡ್ಡ ಫೈಲಿಗೆ ಸರಿಯಾಗಿ ಕಾರ್ಡ್ ಮೂರ್ಛೆ ಹೋಗುತ್ತೆ, ತಪ್ಪೆಲ್ಲಾ ಬರೆದವನದೇ ಅಂತ ಮಾತಂತೆ. ಯಾವನೋ ನಿನ್ನನ್ನ ನಾಡಿ ನೋಡದೇ ಮದ್ದು ಕೊಡೋ ಡಾಕ್ಟರು ಅಂದನಂತೆ. ಬಿಟ್ಟುಬಿಡೋ ಮಾರಾಯ! ಅದನ್ನೇ ಹೇಳೋಕೆ ಬಂದಿದ್ದು. ಶಾಲೆಗಳಲ್ಲಿರೋ ಹಳೇ ಕಂಪ್ಯೂಟರೆಲ್ಲಾ ಮೂಕ ಆಗ್ತವೆ ಅಂತ ನಿನಗ್ಯಾಕೆ ಸಂಕಟ? ಹೊಸ ಕಾರ್ಡ್ ತಗೋತಾರೆ. ನಮ್ಮಲ್ಲೇ ತಗೋತಾರೆ!

ಏನು ಟೈಪ್ ಮಾಡ್ತಿದ್ದೀಯಾ? ಮತ್ತೆ ಅದೇನಾ? ತೋರ್ಸು... ಅಯ್ಯೋ ದಡ್ಡ! ಆ ಕಾರ್ಡಿಗೆ ಒಂದು ರೀಸೆಟ್ ಎಲ್ಲಿ ಸಾಕಾಗುತ್ತೆ? ಮೊದಲನೆಯದಕ್ಕೆ ಅರ್ಧ ಎಚ್ಚರ ಆಗುತ್ತೆ ಅಷ್ಟೇ. ಐವತ್ತು ಮಿಲಿಸೆಕೆಂಡು ಬಿಟ್ಟು ಇನ್ನೊಂದು...

...ಯಾಕೋ ಕೈ ನಿಂತಿತು?

ಹಾಗೆ ನೋಡ್ಬೇಡ. ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು ಕುಂಬಳಕಾಯಿ ಕದ್ದಿದ್ದೀನಾ? ಊಹೆ ಕಣೋ! ಚಿಕ್ಕಂದಿನಲ್ಲಿ ಶಾಲೆಗೆ ಅಂತ ನಿನ್ನನ್ನ ಎಬ್ಬಿಸ್ತಿದ್ದೋಳು ಯಾರು? ಒಂದು ಕೂಗಿಗೆ ಏಳ್ತಿದ್ದೆಯಾ? ಎರಡನೇ ಕೂಗು ಬೇಕಾಗ್ತಿತ್ತು. ಇದೂ ಅದೇ... ಐವತ್ತು ಅಂದಿದ್ದು, ಏನೋ, ಬಾಯಿಗೆ ಬಂತು. ಅರವತ್ತು ಅಂತ ಇಟ್ಕೋ.

ಬೇಡ, ಅದನ್ನ ಹಾಕಿ ನೋಡ್ಬೇಡ. ...ಹಾಕೇಬಿಟ್ಟೆಯಾ.

ಮೊದಲನೇ ಫೈಲು. ಹೋಗ್ಲಿ. ಎರಡನೇದು... ಹೊರಗೆ ಬಿಸಿಲು ಎಷ್ಟಿದೆ ನೋಡು, ಬಟ್ಟೆನಾದ್ರೂ ಒಣಗಹಾಕಬಾರದಾ... ಮೂರು. ಹಸಿರು ದೀಪ ಮಿನುಗ್ತಾನೇ ಇದೆ. ನಾಲ್ಕು. ಇರ್ಲಿ, ಕುರುಡನ ಕಲ್ಲೂ ಒಂದೊಂದ್ಸಲ ಮಾವಿಗೆ ಬೀಳುತ್ತೆ. ಐದು... ಏನಾದ್ರೂ ಮಾತಾಡೋ! ಬೈಯೋ! ಏಳು...

ಕೀಬೋರ್ಡ್ ಯಾಕೆ ನನ್ನ ಕಡೆ ತಳ್ತೀಯಾ? ಇದೇನು, ಖಾಲಿ ಸಾಲು? ಓ... ನಿಮ್ಮ ನಿಯಮ. ಯಾರಿಂದ ತಿಳೀತು ಅಂತ ಬರೀದೆ ಒಂದಕ್ಷರಾನೂ ಒಳಗೆ ಬಿಡಲ್ಲ, ಅಲ್ವಾ? ಊಹೆ ಅಂತ ಬರಿ! ಬರೆಯಲ್ವಾ? ...ಗೊತ್ತು, ನೀನು ಬರೆಯಲ್ಲ. ನಮ್ಮ ಮನೇಲಿ ಸುಳ್ಳು ಬರೆಯೋದು ಒಬ್ಬರೇ.

ಕೈಪಿಡಿ ಇದೆ ಕಣೋ. ಅದರ ನಲವತ್ತೊಂದನೇ ಪುಟ. ಒಂದೇ ಒಂದು ಪ್ಯಾರಾ. ದೋಷ ಕಾರ್ಡಿನದೇ, ಎರಡು ಸಲ ರೀಸೆಟ್ ಮಾಡಿ ಅಂತ. ಹೊರಗೆ ಕೊಡಬಾರದು ಅಂತ ಮೇಲೊಂದು ಕೆಂಪು ಮುದ್ರೆ. ಮುದ್ರೆ ಹೊಡೆದೋಳೂ ನಾನೇ. ನಿನ್ನ ಕಾಗದ ಬರ್ತಿದ್ದದ್ದೂ ನನ್ನ ಮೇಜಿಗೇ ಕಣೋ. ಹನ್ನೊಂದೂ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ನನಗೆ. ಇಲ್ಲಿ ನನ್ನ ಹೆಸರು ಬಿದ್ರೆ ಸೋಮವಾರ ಗೇಟಿನೊಳಗೆ ಬಿಡಲ್ಲ. ಗೊತ್ತಲ್ವಾ ನಿನಗೆ? ...ಆದ್ರೂ ಕೀಬೋರ್ಡ್ ವಾಪಸ್ ಎಳ್ಕೊಳ್ಳಲ್ಲ.

ಆ ಕನ್ನಡಕ ಕೊಡು ಇಲ್ಲಿ. ಬರೀ "ಅಕ್ಕ" ಅಂತ ಬರೆದ್ರೆ ನಡೆಯುತ್ತಾ?

...ಇಲ್ಲ, ಅಲ್ವಾ. ಆ ಹನ್ನೊಂದು ಉತ್ತರದ ಕೆಳಗೆ ನಾನು ಹಾಕದೇ ಬಿಟ್ಟ ಹೆಸರೇ ಬೇಕು.

ಸರಿ. ಜರುಗು.